ಪ್ರವಾಸದ ವಾಹನವನ್ನು ಮನೆಯಲ್ಲಿ ನಿಲ್ಲಿಸಿಡುವ ಮಾಲೀಕರಿಗೆ ಮಾಹಿತಿ

ಪ್ರವಾಸಕ್ಕೆಂದು ಇಟ್ಟುಕೊಂಡಿರುವ ವಾಹನವು ವರ್ಷದ ಬಹುತೇಕ ದಿನಗಳನ್ನು ಮನೆಯ ಅಂಗಳದಲ್ಲಿಯೇ ಕಳೆಯುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳಲ್ಲಿ ಹಾಗೂ ಇವುಗಳಿಂದ ಬೇರ್ಪಟ್ಟ ಕಾರಟಗಿ, ಕನಕಗಿರಿ, ಕುಕನೂರು ತಾಲ್ಲೂಕುಗಳಲ್ಲಿ ಇಂತಹ ವಾಹನಗಳು ಎರಡು ಬಗೆಯವಾಗಿವೆ. ಮೊದಲನೆಯದು, ಅಂಜನಾದ್ರಿ, ಆನೆಗೊಂದಿ, ಹಂಪಿ, ಇಟಗಿ ಮುಂತಾದ ಸ್ಥಳಗಳಿಗೆ ಯಾತ್ರಿಕರನ್ನು ಬಾಡಿಗೆಗೆ ಕರೆದೊಯ್ಯುವ ಮ್ಯಾಕ್ಸಿ ಕ್ಯಾಬ್ ಹಾಗೂ ಟೆಂಪೋ ಟ್ರಾವೆಲರ್‌ಗಳು. ಎರಡನೆಯದು, ಕುಟುಂಬದ ಸ್ವಂತ ಪ್ರವಾಸಕ್ಕೆ ಬಳಸುವ ಕಾರು ಮತ್ತು ವ್ಯಾನುಗಳು. ಮಲಗುವ ಹಾಗೂ ಅಡುಗೆಯ ವ್ಯವಸ್ಥೆಯುಳ್ಳ ಕ್ಯಾರವಾನ್ ನಮ್ಮ ಭಾಗದಲ್ಲಿ ಇನ್ನೂ ಅಪರೂಪವಾದರೂ ಅದರ ಬಗ್ಗೆ ವಿಚಾರಿಸುವವರಿದ್ದಾರೆ.

"ಗಾಡಿ ಮನೆಯಲ್ಲೇ ನಿಂತಿದೆ, ಅದಕ್ಕೆಂಥ ತೆರಿಗೆ, ಅದಕ್ಕೆಂಥ ವಿಮೆ" ಎಂಬ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಆದರೆ ಚಕ್ರ ನಿಂತ ಮಾತ್ರಕ್ಕೆ ಕಾನೂನಿನ ಹೊಣೆ ನಿಲ್ಲುವುದಿಲ್ಲ. ನೋಂದಣಿ ಊರ್ಜಿತದಲ್ಲಿರುವ ವಾಹನವನ್ನು ರಸ್ತೆಯಲ್ಲಿ ಬಳಸಲು ಯೋಗ್ಯವಾದುದೆಂದೇ ಕಾನೂನು ಭಾವಿಸುತ್ತದೆ. ಅದು ಬಳಕೆಯಲ್ಲಿಲ್ಲವೆಂದು ತೋರಿಸಬೇಕಾದವರು ಮಾಲೀಕರು. ಅದನ್ನೂ ಮುಂಚಿತವಾಗಿ ಮತ್ತು ಲಿಖಿತವಾಗಿ ತಿಳಿಸಬೇಕು.

ತೆರಿಗೆ: ಬಳಸದಿರುವ ಬಗ್ಗೆ ಸೂಚನೆ

ಖಾಸಗಿ ಕಾರುಗಳಿಗೆ ಸಾಮಾನ್ಯವಾಗಿ ಜೀವಾವಧಿ ತೆರಿಗೆ ಪಾವತಿಯಾಗಿರುತ್ತದೆ. ಅವುಗಳನ್ನು ಕೆಲವು ತಿಂಗಳು ನಿಲ್ಲಿಸಿದ ಕಾರಣಕ್ಕೆ ಆ ತೆರಿಗೆಯ ಭಾಗವನ್ನು ಮರಳಿಸುವುದಿಲ್ಲ. ವಾಹನವು ಶಾಶ್ವತವಾಗಿ ಹೊರರಾಜ್ಯಕ್ಕೆ ಹೋದಾಗ ಅಥವಾ ಅದರ ನೋಂದಣಿ ರದ್ದಾದಾಗ ಮಾತ್ರ ಮರುಪಾವತಿಯ ಪ್ರಶ್ನೆ ಉದ್ಭವಿಸುತ್ತದೆ. ಹೀಗಾಗಿ ಮುಂದೆ ತಿಳಿಸುವ ಸೌಲಭ್ಯವು ಮುಖ್ಯವಾಗಿ ಅವಧಿವಾರು ತೆರಿಗೆ ಪಾವತಿಸುವ ಬಾಡಿಗೆ ವಾಹನಗಳ ಮಾಲೀಕರಿಗೆ ಉಪಯುಕ್ತವಾಗಿರುತ್ತದೆ.

ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಅಧಿನಿಯಮ 1957 ಮತ್ತು ಅದರಡಿಯ ನಿಯಮಗಳಲ್ಲಿ ವಾಹನವನ್ನು ಬಳಸದಿರುವ ಬಗ್ಗೆ ಸೂಚನೆ ನೀಡುವ ವ್ಯವಸ್ಥೆ ಇದೆ. ಇದಕ್ಕೆ ನಮೂನೆ 30 ಎಂದು ಹೆಸರು. ಇಲ್ಲೊಂದು ಗೊಂದಲವನ್ನು ಬಿಡಿಸಿ ಹೇಳುವುದು ಅವಶ್ಯ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿಯೂ ನಮೂನೆ 30 ಇದ್ದು, ಅದು ಮಾಲೀಕತ್ವ ವರ್ಗಾವಣೆಗೆ ಸಂಬಂಧಿಸಿದ್ದಾಗಿದೆ. ಆದ್ದರಿಂದ ಸಂಖ್ಯೆಯನ್ನಷ್ಟೇ ಹೇಳಿ ನಮೂನೆ ಕೇಳಬಾರದು. "ವಾಹನ ಬಳಸದಿರುವ ಬಗ್ಗೆ ಸೂಚನೆ" ಎಂದು ಪೂರ್ಣವಾಗಿ ಹೇಳಿ ಪಡೆಯುವುದು ಸೂಕ್ತ.

ಸೂಚನೆಯೊಂದಿಗೆ ನೋಂದಣಿ ಪ್ರಮಾಣಪತ್ರ, ತೆರಿಗೆ ಕಾರ್ಡು, ಅರ್ಹತಾ ಪತ್ರ ಹಾಗೂ ರಹದಾರಿಗಳನ್ನು ಕಛೇರಿಗೆ ಒಪ್ಪಿಸಬೇಕಾಗುತ್ತದೆ. ವಾಹನವನ್ನು ಎಲ್ಲಿ ನಿಲ್ಲಿಸಲಾಗುವುದು ಎಂಬ ಸ್ಥಳದ ವಿವರವನ್ನೂ ಬರೆಯಬೇಕು. ಈ ಸ್ಥಳದ ಅಂಕಣವನ್ನು ಹಗುರವಾಗಿ ಪರಿಗಣಿಸತಕ್ಕದ್ದಲ್ಲ. "ಕುಷ್ಟಗಿ" ಎಂದಷ್ಟೇ ಬರೆದರೆ ತಪಾಸಣೆಗೆ ಬರುವ ನಿರೀಕ್ಷಕರು ವಾಹನವನ್ನು ಎಲ್ಲಿ ಹುಡುಕಬೇಕು? ಗ್ರಾಮ, ಓಣಿ, ಮನೆಯ ಸಂಖ್ಯೆ ಅಥವಾ ಹೊಲದ ಸರ್ವೆ ನಂಬರನ್ನು ಸ್ಪಷ್ಟವಾಗಿ ನಮೂದಿಸಬೇಕು. ನಮೂದಿಸಿದ ಸ್ಥಳದಲ್ಲಿ ವಾಹನ ಕಾಣದಿದ್ದರೆ ಅಥವಾ ಅದು ರಸ್ತೆಯಲ್ಲಿ ಸಂಚರಿಸುತ್ತಿರುವುದು ಕಂಡುಬಂದರೆ ತೆರಿಗೆಯ ಜೊತೆಗೆ ದಂಡಕ್ಕೂ ಗುರಿಯಾಗಬೇಕಾಗುತ್ತದೆ. ಸ್ಥಳ ಬದಲಿಸುವ ಪ್ರಸಂಗ ಬಂದರೆ ವಾಹನವನ್ನು ಸಾಗಿಸುವ ಮೊದಲೇ ಕಛೇರಿಗೆ ತಿಳಿಸಬೇಕು.

ಸೂಚನೆ ನೀಡಿದ ನಂತರ "ಇಂಜಿನ್ ಬೆಚ್ಚಗಾಗಲಿ" ಎಂದು ವಾಹನವನ್ನು ಊರಿನಲ್ಲಿ ಒಂದು ಸುತ್ತು ಹಾಕಿಸುವುದು ರೂಢಿಯಲ್ಲಿದೆ. ಇದು ರಸ್ತೆಯ ಬಳಕೆಯೇ ಆಗುತ್ತದೆ. ವಾಹನವನ್ನು ಹಿಂದೆ ಮುಂದೆ ಸರಿಸಬೇಕಿದ್ದಲ್ಲಿ ಅಂಗಳದ ಒಳಗೆ ಮಾತ್ರ ಸರಿಸಬೇಕು.

ಸೂಚನೆಯನ್ನು ತೆರಿಗೆ ಅವಧಿ ಮುಗಿಯುವ ಮುನ್ನವೇ ಸಲ್ಲಿಸಬೇಕೆಂಬುದು ಅತಿ ಮುಖ್ಯ. ಬಾಡಿಗೆ ಇಲ್ಲದ ಕಾಲದಲ್ಲಿ ವಾಹನವನ್ನು ನಿಲ್ಲಿಸಿ, ಎರಡು ವರ್ಷಗಳ ಬಳಿಕ ಮಾರಾಟಕ್ಕೋ ಅರ್ಹತಾ ಪತ್ರಕ್ಕೋ ಬಂದಾಗ ಬಾಕಿ ತೆರಿಗೆ ಮತ್ತು ದಂಡ ಸೇರಿ ದೊಡ್ಡ ಮೊತ್ತವಾಗಿರುತ್ತದೆ. ಆಗ "ಗಾಡಿ ಓಡಿಯೇ ಇಲ್ಲ" ಎಂದು ನೆರೆಹೊರೆಯವರು ಸಾಕ್ಷಿ ಹೇಳಿದರೂ ಪ್ರಯೋಜನವಾಗದು. ಒಂದು ವಾಹನವನ್ನೇ ನಂಬಿದ ಸಂಸಾರಕ್ಕೆ ಇದು ಸಣ್ಣ ಹೊರೆಯಲ್ಲ. ಸಕಾಲದಲ್ಲಿ ಸಲ್ಲಿಸಿದ ಒಂದು ಹಾಳೆಯ ಸೂಚನೆ ಹಾಗೂ ಅದರ ಸ್ವೀಕೃತಿ ಇದನ್ನು ತಪ್ಪಿಸಬಲ್ಲದು. ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ವಿಮೆ

ಮೋಟಾರು ವಾಹನ ಅಧಿನಿಯಮ 1988ರ ಕಲಂ 146ರಂತೆ ಸಾರ್ವಜನಿಕ ಸ್ಥಳದಲ್ಲಿ ಬಳಸುವ ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ ಕಡ್ಡಾಯ. "ಬಳಕೆ" ಎಂದರೆ ಓಡುವುದು ಮಾತ್ರವೇ ಎಂಬ ಪ್ರಶ್ನೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರೊಂದು ಅಪಘಾತಕ್ಕೀಡಾಗಿ ಮಗುಚಿಬಿದ್ದು, ಕೆಲವು ಗಂಟೆಗಳ ನಂತರ ಸ್ಫೋಟಗೊಂಡು ಸುತ್ತ ನೆರೆದಿದ್ದವರು ಪ್ರಾಣ ಕಳೆದುಕೊಂಡಿದ್ದರು. ನಿಶ್ಚಲವಾಗಿ ಬಿದ್ದಿದ್ದ ವಾಹನವೂ ಬಳಕೆಯಲ್ಲಿದ್ದ ವಾಹನವೇ ಎಂದು 1991ರಲ್ಲಿ ನ್ಯಾಯಾಲಯವು ತೀರ್ಪು ನೀಡಿತು. ಆದ್ದರಿಂದ ಮನೆಯ ಮುಂದಿನ ಓಣಿಯಲ್ಲಿ ವಿಮೆಯಿಲ್ಲದೆ ವಾಹನ ನಿಲ್ಲಿಸಿ, ಅದರಿಂದ ಬೇರೆಯವರಿಗೆ ಹಾನಿಯಾದರೆ ಪರಿಹಾರದ ಭಾರ ಮಾಲೀಕರ ಮೇಲೆಯೇ ಬೀಳುವ ಸಂಭವವಿದೆ.

ಅಂಗಳದೊಳಗೆ ನಿಂತ ವಾಹನಕ್ಕೂ ಬೆಂಕಿ ಮತ್ತು ಕಳ್ಳತನದ ಭಯ ತಪ್ಪಿದ್ದಲ್ಲ. ಪಾಲಿಸಿಯನ್ನು ಪೂರ್ತಿ ಬಿಟ್ಟುಬಿಡುವ ಬದಲು, ದೀರ್ಘಕಾಲ ನಿಲ್ಲಿಸುವ ಅವಧಿಗೆ ಬೆಂಕಿ–ಕಳ್ಳತನದ ರಕ್ಷಣೆ ಮುಂದುವರಿಸಲು ಅವಕಾಶವಿದೆಯೇ ಎಂದು ವಿಮಾ ಕಂಪನಿಯನ್ನು ಲಿಖಿತವಾಗಿ ವಿಚಾರಿಸುವುದು ಒಳಿತು. ಪಾಲಿಸಿಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದಲ್ಲಿ ಕ್ಲೇಮು ಮಾಡದಿದ್ದಕ್ಕಾಗಿ ದೊರೆಯುವ ರಿಯಾಯಿತಿಯೂ ಕೈತಪ್ಪುತ್ತದೆ. ಐದು ವರ್ಷ ಸತತವಾಗಿ ಕ್ಲೇಮು ಮಾಡದವರಿಗೆ ಈ ರಿಯಾಯಿತಿ ಸ್ವಂತ ಹಾನಿಯ ಕಂತಿನಲ್ಲಿ ಶೇ. 50ರಷ್ಟಿರುತ್ತದೆ. ಲೆಕ್ಕ ಹಾಕಿ ನೋಡಿದರೆ, ಒಂದು ವರ್ಷದ ಕಂತು ಉಳಿಸಲು ಹೋಗಿ ಮುಂದಿನ ಹಲವು ವರ್ಷಗಳ ರಿಯಾಯಿತಿ ಕಳೆದುಕೊಳ್ಳುವುದು ಲಾಭದ ವ್ಯವಹಾರವಲ್ಲ.

ನಿಲ್ಲಿಸುವ ಸ್ಥಳ

ವಾಹನವನ್ನು ಸ್ವಂತ ಜಾಗದಲ್ಲಿ ಅಥವಾ ಒಪ್ಪಿಗೆ ಪಡೆದ ಖಾಸಗಿ ಜಾಗದಲ್ಲಿ ನಿಲ್ಲಿಸಬೇಕು. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ವಾರಸುದಾರರಿಲ್ಲದಂತೆ ಬಿಟ್ಟ ವಾಹನವನ್ನು ತೆರವುಗೊಳಿಸಲು ಅಧಿನಿಯಮದ ಕಲಂ 127ರಡಿ ಪೊಲೀಸ್ ಅಧಿಕಾರಿಗಳಿಗೆ ಅಧಿಕಾರವಿದೆ. ತೆರವಿನ ವೆಚ್ಚವನ್ನೂ ಮಾಲೀಕರೇ ಭರಿಸಬೇಕು. ಕೊಪ್ಪಳದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 67 ಮತ್ತು ಕುಷ್ಟಗಿಯ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ ಅಂಚಿನ ಜಾಗವು ಖಾಲಿ ಕಂಡರೂ ಅದು ಹೆದ್ದಾರಿಯ ಭೂಮಿಯೇ ಆಗಿರುತ್ತದೆ. ಢಾಬಾದವರ ಪರಿಚಯವು ಅಲ್ಲಿ ವಾಹನ ಬಿಡಲು ಅನುಮತಿಯಾಗದು.

ನಮ್ಮ ತಾಲ್ಲೂಕುಗಳ ನೆಲ ಮತ್ತು ಬೆಳೆಗೆ ತಕ್ಕಂತೆ ಎಚ್ಚರಿಕೆಯೂ ಬೇರೆಯಾಗಿರುತ್ತದೆ. ಯಲಬುರ್ಗಾ ಮತ್ತು ಕುಷ್ಟಗಿ ಭಾಗದಲ್ಲಿ ಎರೆ ಭೂಮಿ ಇರುವ ಕಡೆ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟು, ಮಳೆಗಾಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಅದರ ಮೇಲೆ ನಿಲ್ಲಿಸಿದ ಭಾರವಾದ ವ್ಯಾನು ಒಂದು ಕಡೆಗೆ ವಾಲುತ್ತದೆ. ಅಲ್ಲಿ ಗರಸು ಹಾಕಿ ಗಟ್ಟಿ ಮಾಡಿದ ನೆಲ ಅಥವಾ ಚಕ್ರಗಳ ಕೆಳಗೆ ಕಲ್ಲು ಚಪ್ಪಡಿ ಅವಶ್ಯ. ಗಂಗಾವತಿ ಮತ್ತು ಕಾರಟಗಿ ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಭತ್ತವಿದ್ದಲ್ಲಿ ಇಲಿ, ಹೆಗ್ಗಣಗಳಿಗೆ ಬರವಿಲ್ಲ. ಅವು ವಾಹನದ ವೈರುಗಳನ್ನು ಕಡಿಯುತ್ತವೆ, ಸೀಟುಗಳಲ್ಲಿ ಗೂಡು ಕಟ್ಟುತ್ತವೆ. ತೊಗಟೆ ಹೋದ ವೈರು ಮುಂದೆ ಬ್ಯಾಟರಿ ಜೋಡಿಸಿದ ದಿನ ಬೆಂಕಿಗೆ ಕಾರಣವಾಗಬಲ್ಲದು. ವಾಹನದೊಳಗೆ ಕಾಳು, ಬಿಸ್ಕತ್ತು, ಮಂಡಕ್ಕಿ ಮುಂತಾದ ಯಾವ ತಿನಿಸನ್ನೂ ಬಿಡಬಾರದು. ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಬೇಕು.

ಎಲ್ಲ ಕಡೆಗೂ ಅನ್ವಯಿಸುವ ಒಂದು ಮಾತು: ಮೇವಿನ ಬಣವೆಯ ಪಕ್ಕ ವಾಹನ ನಿಲ್ಲಿಸಬಾರದು. ನೆರಳಿದೆ ಎಂದು ಹಿತ್ತಲಿನಲ್ಲಿ ಬಣವೆಗೆ ತಾಗಿಸಿ ನಿಲ್ಲಿಸುವುದುಂಟು. ಬಣವೆಗೆ ಬೆಂಕಿ ಬಿದ್ದರೆ ಮೇವಿನ ಜೊತೆ ವಾಹನವೂ ಹೋಗುತ್ತದೆ. ಇಂಧನವಿರುವ ವಾಹನವು ಆ ಬೆಂಕಿಯನ್ನು ಮನೆಯವರೆಗೂ ತರುತ್ತದೆ.

ಏಪ್ರಿಲ್, ಮೇ ತಿಂಗಳಿನ ಬಿಸಿಲು ಟೈರುಗಳನ್ನು ಬಿರಿಯಿಸುತ್ತದೆ. ತಗಡಿನ ಮಾಳಿಗೆ ಅಥವಾ ತಾಡಪತ್ರಿಯ ನೆರಳು ಬೇಕು. ಆದರೆ ತಾಡಪತ್ರಿಯನ್ನು ವಾಹನಕ್ಕೆ ಅಂಟಿಕೊಂಡಂತೆ ಬಿಗಿದು ಕಟ್ಟಿದರೆ ಒಳಗೆ ಹಸಿ ನಿಂತು ತುಕ್ಕು ಹಿಡಿಯುತ್ತದೆ. ಗಾಳಿಯಾಡಲು ಜಾಗ ಬಿಡಬೇಕು. ಕೈಬ್ರೇಕನ್ನು ತಿಂಗಳುಗಟ್ಟಲೆ ಎಳೆದಿಟ್ಟರೆ ಅದು ಹಿಡಿದುಕೊಳ್ಳುವುದರಿಂದ, ಸಮತಟ್ಟಾದ ನೆಲದಲ್ಲಿ ಗೇರಿನಲ್ಲಿಟ್ಟು ಚಕ್ರಗಳಿಗೆ ಮರದ ತುಂಡು ಅಡ್ಡ ಕೊಡುವುದು ಲೇಸು. ಬ್ಯಾಟರಿಯ ಋಣ ತಂತಿಯನ್ನು ಮೊದಲು ಬಿಚ್ಚಬೇಕು.

ಕ್ಯಾರವಾನ್ ಇರುವವರಿಗೆ

ಹಳೆಯ ಟ್ರಾವೆಲರ್ ವಾಹನದ ಸೀಟುಗಳನ್ನು ತೆಗೆಸಿ, ಮಂಚ ಮತ್ತು ಒಲೆ ಕೂಡಿಸಿ ಕ್ಯಾರವಾನ್ ಮಾಡಿಕೊಳ್ಳುವ ಉದ್ದೇಶವಿರುವವರು ಕೆಲಸ ಆರಂಭಿಸುವ ಮುನ್ನವೇ ನೋಂದಣಿ ಪ್ರಾಧಿಕಾರವನ್ನು ವಿಚಾರಿಸಬೇಕು. ಆರ್.ಸಿ.ಯಲ್ಲಿ ನಮೂದಾದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಬದಲಿಸುವುದನ್ನು ಕಲಂ 52 ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಕ್ಯಾರವಾನ್‌ಗಳಿಗೆಂದೇ ಎ.ಐ.ಎಸ್. 124 ಎಂಬ ತಾಂತ್ರಿಕ ಮಾನದಂಡವಿದೆ. ಗ್ಯಾರೇಜಿನವರು "ಎಲ್ಲಾ ಆಗುತ್ತದೆ" ಎಂದು ಹೇಳಿದ ಮಾತು ತಪಾಸಣೆಯ ದಿನ ನೆರವಿಗೆ ಬಾರದು.

ಇಂತಹ ವಾಹನ ಮನೆಗೆ ಮರಳಿದ ದಿನವೇ ಅಡುಗೆ ಅನಿಲದ ಸಿಲಿಂಡರನ್ನು ಹೊರತೆಗೆದು, ಗಾಳಿಯಾಡುವ ಜಾಗದಲ್ಲಿ ನೆಟ್ಟಗೆ ನಿಲ್ಲಿಸಬೇಕು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ಮೇಲೇರದೆ ವಾಹನದ ತಳದಲ್ಲಿಯೇ ಶೇಖರವಾಗುತ್ತದೆ. ತಿಂಗಳ ನಂತರ ಬಾಗಿಲು ತೆರೆದು ಯಾರಾದರೂ ದೀಪದ ಗುಂಡಿ ಒತ್ತಿದರೆ ಆ ಒಂದು ಕಿಡಿಯೇ ಸಾಕು. ಬಾಗಿಲುಗಳನ್ನು ತೆರೆದು ಗಾಳಿಯಾಡಿಸಿದ ಬಳಿಕವಷ್ಟೇ ವಿದ್ಯುತ್ ಉಪಕರಣಗಳನ್ನು ಮುಟ್ಟಬೇಕು. ನೀರಿನ ಟ್ಯಾಂಕನ್ನು ಪೂರ್ಣ ಖಾಲಿ ಮಾಡಿ ಒಣಗಿಸಬೇಕು. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುತ್ತದೆ. ಮಕ್ಕಳು ಆಟಕ್ಕೆಂದು ಒಳಹೊಕ್ಕು ಬಾಗಿಲು ಹಾಕಿಕೊಳ್ಳದಂತೆ ಬೀಗ ಹಾಕಿಡಬೇಕು. ಬಿಸಿಲಿನಲ್ಲಿ ಮುಚ್ಚಿದ ವಾಹನದ ಒಳಗಿನ ತಾಪವು ಕೆಲವೇ ನಿಮಿಷಗಳಲ್ಲಿ ಪ್ರಾಣಾಪಾಯದ ಮಟ್ಟಕ್ಕೆ ಏರುತ್ತದೆ. ಈ ಲೇಖನದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬಾರದೆಂದು ಪಾಲಕರಲ್ಲಿ ಕೋರಲಾಗಿದೆ.

ಅವಧಿಗಳು ಮತ್ತು ವಿಳಾಸ

ಖಾಸಗಿ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನಂತರ 5 ವರ್ಷಗಳ ಅವಧಿಗೆ ನವೀಕರಿಸಬೇಕಾಗುತ್ತದೆ. ನಿಂತಿದ್ದ ವರ್ಷಗಳು ಈ ಎಣಿಕೆಯಿಂದ ಕಳೆಯುವುದಿಲ್ಲ. ನವೀಕರಣಕ್ಕೆ ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾದ್ದರಿಂದ ಅದು ಓಡುವ ಸ್ಥಿತಿಯಲ್ಲಿರಬೇಕು. ಬಾಡಿಗೆ ವಾಹನಗಳಿಗೆ ಮೊದಲ 8 ವರ್ಷ ಎರಡು ವರ್ಷಗಳಿಗೊಮ್ಮೆ, ತದನಂತರ ಪ್ರತಿ ವರ್ಷ ಅರ್ಹತಾ ಪತ್ರ ಅವಶ್ಯ. ಶುಲ್ಕಗಳು ಪದೇ ಪದೇ ಪರಿಷ್ಕರಣೆಯಾಗುವುದರಿಂದ ಅವುಗಳನ್ನು ಪರಿವಾಹನ್ ಜಾಲತಾಣದಲ್ಲಿ ಪಾವತಿಯ ದಿನದಂದೇ ನೋಡಿಕೊಳ್ಳತಕ್ಕದ್ದು.

ಪುಣೆ, ಹೈದರಾಬಾದ್, ಗೋವಾ ಮುಂತಾದೆಡೆ ದುಡಿಯುವ ಮಕ್ಕಳು ತಮ್ಮ ವಾಹನವನ್ನು ಊರಿನಲ್ಲಿ ತಂದೆತಾಯಿಯರ ಬಳಿ ಬಿಟ್ಟುಹೋಗುವುದು ಈ ಭಾಗದಲ್ಲಿ ಸಾಮಾನ್ಯ. ಹೊರರಾಜ್ಯದಲ್ಲಿ ನೋಂದಣಿಯಾದ ವಾಹನವು 12 ತಿಂಗಳಿಗೂ ಹೆಚ್ಚು ಕಾಲ ಇಲ್ಲಿಯೇ ಉಳಿಯುವುದಾದರೆ ಕಲಂ 47ರಂತೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. ಮಾಲೀಕರ ವಾಸಸ್ಥಳ ಬದಲಾದಲ್ಲಿ ಕಲಂ 49ರಂತೆ 30 ದಿನಗಳೊಳಗೆ ತಿಳಿಸಬೇಕು. ನೋಟೀಸುಗಳು ಆರ್.ಸಿ.ಯಲ್ಲಿರುವ ವಿಳಾಸಕ್ಕೇ ಹೋಗುತ್ತವೆ.

ವಾಹನವನ್ನು ಮತ್ತೆ ರಸ್ತೆಗಿಳಿಸುವಾಗ, ಬಳಸದಿರುವ ಸೂಚನೆ ನೀಡಿದ್ದ ಮಾಲೀಕರು ಸ್ವೀಕೃತಿಯೊಂದಿಗೆ ಅದೇ ಕಛೇರಿಗೆ ಬಂದು, ಚಾಲ್ತಿ ಅವಧಿಯ ತೆರಿಗೆ ಪಾವತಿಸಿ, ಒಪ್ಪಿಸಿದ್ದ ದಾಖಲೆಗಳನ್ನು ಹಿಂಪಡೆಯಬೇಕು. ವಿಮೆ, ಹೊಗೆ ತಪಾಸಣಾ ಪತ್ರ ಮತ್ತು ಅರ್ಹತಾ ಪತ್ರಗಳ ದಿನಾಂಕಗಳನ್ನು ಇದಕ್ಕೂ ಮೊದಲೇ ಪರಿಶೀಲಿಸಬೇಕು. ಕೆಎ 37 ಸರಣಿಯ ವಾಹನಗಳ ಮಾಲೀಕರು ಕೊಪ್ಪಳದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯನ್ನು ಕೆಲಸದ ದಿನಗಳಲ್ಲಿ ಸಂಪರ್ಕಿಸಬಹುದು. ಯಾತ್ರೆಗೆ ಹೊರಡುವ ಹಿಂದಿನ ದಿನ ಬರುವ ಬದಲು ಒಂದು ವಾರ ಮುಂಚಿತವಾಗಿ ಬಂದರೆ, ದಾಖಲೆಗಳಲ್ಲಿ ಕೊರತೆಯಿದ್ದರೂ ಸರಿಪಡಿಸಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ.