ಶೌಚದ ಹೂಳು: ಹಸಿಯಾದರೆ ರೋಗ, ಹದವಾದರೆ ಗೊಬ್ಬರ

ಶಿಕಾರಿಪುರ, ಸೊರಬ ತಾಲ್ಲೂಕುಗಳ ರೈತರಿಗೆ ಗೊಬ್ಬರದ ಬೆಲೆ ಹೇಳಿಕೊಡಬೇಕಾಗಿಲ್ಲ. ಕೊಟ್ಟಿಗೆಯಲ್ಲಿ ದನ ಕಡಿಮೆಯಾದಂತೆ ತಿಪ್ಪೆಯೂ ಕಿರಿದಾಗಿದೆ. ಕಳೆದ ಬೇಸಿಗೆಯಲ್ಲಿ ರೈತರೊಬ್ಬರು ನನ್ನನ್ನು ಕೇಳಿದರು: "ಸಾರ್, ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಟ್ಯಾಂಕರಿನವರು ಹೂಳನ್ನು ಪುಕ್ಕಟೆ ಸುರಿದು ಹೋಗ್ತಾರಂತೆ. ಶುಂಠಿ ಮಡಿಗೆ ಹಾಕಿಸಲಾ?"

"ಖಂಡಿತ ಬೇಡಿ" ಎಂದೆ. ಕಾರಣ ಇಷ್ಟೇ.

ಹಸಿ ಹೂಳಿನ ಅಪಾಯ

ಈ ಹೂಳಿನಲ್ಲಿ ಸಾರಜನಕ, ರಂಜಕ ಇರುವುದು ನಿಜ. ಅದರ ಜೊತೆಗೇ ವಾಂತಿಭೇದಿ, ಆಮಶಂಕೆ, ವಿಷಮಶೀತ ಜ್ವರ ತರುವ ರೋಗಾಣುಗಳೂ ಇರುತ್ತವೆ. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಬರಿಗಾಲಿನಲ್ಲಿ ಕಳೆ ಕೀಳುವವರಿಗೆ ಕೊಕ್ಕೆಹುಳು ಅಂಗಾಲಿನಿಂದಲೇ ಒಳಸೇರುತ್ತದೆ. ಮಳೆ ಹಿಡಿದರೆ ಎಲ್ಲವೂ ಕೊಚ್ಚಿಕೊಂಡು ಕೆರೆ, ಬಾವಿಗೆ ಇಳಿಯುತ್ತದೆ.

ದೇವನಹಳ್ಳಿಯ ಮಾದರಿ

ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಇಂಥ ಹೂಳನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ಟ್ಯಾಂಕರಿನಿಂದ ಬಂದ ಹೂಳನ್ನು ಮೊದಲು ಜಾಲರಿಯಲ್ಲಿ ಹಾಯಿಸಿ ಪ್ಲಾಸ್ಟಿಕ್, ಬಟ್ಟೆ ಬೇರ್ಪಡಿಸುವುದು. ಗಾಳಿಯಾಡದ ತೊಟ್ಟಿಯಲ್ಲಿ ಕೊಳೆಸುವುದು. ಮರಳು, ಜಲ್ಲಿ ಹಾಸಿದ ಮಡಿಗಳಲ್ಲಿ ಒಣಗಿಸುವುದು. ಬಸಿದ ನೀರು ಗಿಡ ನೆಟ್ಟ ಜಲ್ಲಿ ಹಾಸಿನ ಮೂಲಕ ಸೋಸಿಹೋಗುತ್ತದೆ. ಒಣಗಿದ ಹೂಳನ್ನು ಊರಿನ ಹಸಿ ಕಸದೊಡನೆ ಬೆರೆಸಿ ಕಾಂಪೋಸ್ಟ್ ಮಾಡುತ್ತಾರೆ. ರಾಶಿಯೊಳಗಿನ ಕಾವೇ ರೋಗಾಣುಗಳನ್ನೂ ಹುಳುವಿನ ಮೊಟ್ಟೆಗಳನ್ನೂ ಕೊಲ್ಲುತ್ತದೆ. ಈ ಕಾವು ಬಾರದ ಹೂಳು ಗೊಬ್ಬರವಲ್ಲ.

ಮನೆಯಲ್ಲಿ ಮಾಡಬೇಕಾದದ್ದು

1. ಒಂಟಿ ಗುಂಡಿಯ ಶೌಚಾಲಯವಿದ್ದರೆ ಪಕ್ಕದಲ್ಲಿ ಇನ್ನೊಂದು ಇಂಗುಗುಂಡಿ ತೆಗೆಸಿ. ಒಂದು ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸಿ.

2. ತುಂಬಿದ ಗುಂಡಿಯನ್ನು ಎರಡು ವರ್ಷ ಮುಚ್ಚಿಡಿ. ಆಮೇಲೆ ಸಿಗುವುದು ವಾಸನೆಯಿಲ್ಲದ, ಪುಡಿಯಾದ ಗೊಬ್ಬರ.

3. ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 10 ಮೀಟರ್ ಅಂತರವಿರಲಿ. ನಮ್ಮ ಕಡೆ ಮಳೆಗಾಲದಲ್ಲಿ ನೀರು ಮೇಲೇರುವ ಜಾಗ ಬಹಳ. ಅಲ್ಲಿ ಗುಂಡಿಯ ತಳ ಮುಚ್ಚಿ, ಸುತ್ತ ಮರಳು ತುಂಬಿಸಬೇಕು.

4. ಸೆಪ್ಟಿಕ್ ಟ್ಯಾಂಕಿನ ನೀರನ್ನು ಚರಂಡಿಗೆ ಬಿಡದೆ ಇಂಗುಗುಂಡಿಗೆ ಹರಿಸಿ.

5. ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಅಲ್ಲಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಒಬ್ಬರನ್ನು ಎತ್ತಲು ಇಳಿದ ಇನ್ನೊಬ್ಬರೂ ಸಾಯುವುದುಂಟು. ರಕ್ಷಣೆಯಿಲ್ಲದೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ.

ಊರು ಮಾಡಬೇಕಾದದ್ದು

ಪ್ರತಿ ಹಳ್ಳಿಗೂ ಒಂದು ಘಟಕ ಬೇಕಿಲ್ಲ. ಕೆಲವು ಪಂಚಾಯಿತಿಗಳು ಕೂಡಿ ಒಂದನ್ನು ನಡೆಸಬಹುದು, ಇಲ್ಲವೇ ಹತ್ತಿರದ ಪಟ್ಟಣದ ಘಟಕವನ್ನು ಬಳಸಬಹುದು. 2020ರಲ್ಲಿ ಆರಂಭವಾದ ಸ್ವಚ್ಛ ಭಾರತ್ ಮಿಷನ್ನಿನ ಎರಡನೆಯ ಹಂತದಲ್ಲಿ ಈ ಕೆಲಸವೂ ಸೇರಿದೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮೂರಿನ ಟ್ಯಾಂಕರ್ ಎಲ್ಲಿಗೆ ಹೋಗಿ ಖಾಲಿಯಾಗುತ್ತದೆ?

ಸಂಸ್ಕರಿಸಿದ ಗೊಬ್ಬರ ಸಿಕ್ಕಾಗಲೂ ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಬೇಡ. ಅಡಿಕೆ, ಮೆಕ್ಕೆಜೋಳದ ಹೊಲಕ್ಕೆ ಹಾಕಿ ಮಣ್ಣು ಮುಚ್ಚಿ. ಕೈ ಕಾಲು ಸೋಪಿನಿಂದ ತೊಳೆಯಿರಿ. ಶುಂಠಿ ಮಡಿಗೆ ಕೇಳಿದ ರೈತರು ಈಗ ಮನೆ ಹಿಂದೆ ಎರಡನೆಯ ಗುಂಡಿ ತೆಗೆಸಿದ್ದಾರೆ. ಸಂದೇಹವಿದ್ದವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.