ದಾಳ ಬಿದ್ದಂತೆ ಕಥೆ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಂಥ ಪಾತ್ರ ವಹಿಸುವ ಆಟವನ್ನು ಬೇರೆ ಬೇರೆ ಊರಲ್ಲಿರುವ ಗೆಳೆಯರು ಒಟ್ಟಿಗೆ ಆಡುವುದು ಹೇಗೆ?
– ಓದುಗರು, ಹೊಳಲು, ಮಂಡ್ಯ ಜಿಲ್ಲೆ

1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಈ ಆಟ ನಮ್ಮ ತಾಳಮದ್ದಳೆಯ ಹಾಗೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತು ಕಟ್ಟಬೇಕು. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ. ‘ಮುಂದೆ ಕಂದಕವಿದೆ’ ಎನ್ನುತ್ತಾರೆ ಆಟ ನಡೆಸುವ ನಿರೂಪಕರು. ‘ಹಾರುತ್ತೇನೆ’ ಎಂದವರು ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಬಿದ್ದ ಅಂಕಿಗೆ ಪಾತ್ರದ ಸಾಮರ್ಥ್ಯದ ಅಂಕ ಕೂಡಿಸಿ, ನಿರೂಪಕರು ಇಟ್ಟ ಗುರಿ ಮುಟ್ಟಿದರೆ ದಾಟಿದಂತೆ. ಇಲ್ಲವಾದರೆ ಕಥೆ ಕಂದಕದೊಳಗಿಂದಲೇ ಮುಂದುವರಿಯುತ್ತದೆ!

ಬೇಕಿರುವುದು ಮಾತು, ದಾಳ, ಪಾತ್ರದ ವಿವರ ಬರೆದ ಹಾಳೆ ಅಷ್ಟೇ. ಹಾಗಾಗಿ ದೂರ ಅಡ್ಡಿಯಲ್ಲ. ಡಿಸ್ಕಾರ್ಡ್ ಆ್ಯಪ್‌ನಲ್ಲಿ ಮಾತಾಡಬಹುದು; ನಕ್ಷೆ, ದಾಳ ಎರಡೂ ರೋಲ್-ಟ್ವೆಂಟಿ ಜಾಲತಾಣದಲ್ಲಿವೆ. ಆದರೂ ಮೊದಲ ಆಟವನ್ನು ಹಬ್ಬಕ್ಕೆ ಊರಿಗೆ ಬಂದಾಗ ಒಂದೇ ಜಗಲಿಯಲ್ಲಿ ಕೂತು ಆಡಿ. ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಜೋಡಿಸುವ ರೂಢಿ ಎದುರುಬದುರು ಕೂತರೆ ಬೇಗ ಬರುತ್ತದೆ.