ಕೊಡೆ ಹಿಡಿದ ದೆವ್ವಕ್ಕೆ ಮುಖ ಯಾಕಿಲ್ಲ? ‘ಘೋಸ್ಟ್‌ವೈರ್: ಟೋಕಿಯೊ’ ಬಗ್ಗೆ ಒಂದಷ್ಟು ಮಾತು

ವಿಡಿಯೋ ನೋಡೋಕೆ ಟೈಮ್ ಇಲ್ಲ, ಬಸ್ಸಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗೆ ಈ ಸಲದ ಮಾತಿನ ಬರಹ ರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಕೆಲವು ವಿಷಯ ಇಲ್ಲಿ ಸೇರಿಸಿದ್ದೀನಿ.

ಪೊಂಗಲ್ ರಜೆಗೆ ಊರಿಗೆ ಟಿಕೆಟ್ ಸಿಗದೆ ಚೆನ್ನೈನಲ್ಲೇ ಉಳಿದವರಿಗೆ ಒಂದು ದೃಶ್ಯ ಗೊತ್ತಿರುತ್ತೆ. ಭೋಗಿ ದಿನ ಬೆಳಗ್ಗೆ ಹಳೇ ಚಾಪೆ, ಹರಿದ ಬಟ್ಟೆ ಎಲ್ಲಾ ಸುಟ್ಟ ಹೊಗೆ, ಅದರ ಮೇಲೆ ಮಂಜು. ಓಎಂಆರ್ ಮೇಲೆ ನಿಂತರೆ ಎದುರಿನ ಸಿಗ್ನಲ್ ಕಾಣಲ್ಲ. ಎರಡೇ ದಿನದ ಹಿಂದೆ ಕಾಲಿಡೋಕೆ ಜಾಗ ಇಲ್ಲದ ರಸ್ತೆಯಲ್ಲಿ ಒಂದು ಆಟೋ ಇಲ್ಲ. ಅಂಗಡಿ ಬೋರ್ಡಿನ ಲೈಟ್ ಮಾತ್ರ ಉರೀತಿರುತ್ತೆ.

‘ಘೋಸ್ಟ್‌ವೈರ್: ಟೋಕಿಯೊ’ ಅನ್ನೋ ಗೇಮ್ ಶುರುವಾಗೋದು ಹೆಚ್ಚುಕಮ್ಮಿ ಹೀಗೇ. ಟೋಕಿಯೊದ ಶಿಬುಯಾ, ಅಂದರೆ ಜಗತ್ತಿನ ಅತಿ ಗಿಜಿಗಿಜಿ ಸಿಗ್ನಲ್‌ಗಳಲ್ಲಿ ಒಂದು ಇರೋ ಜಾಗ. ಅಲ್ಲಿಗೆ ಒಂದು ಮಂಜು ಬರುತ್ತೆ. ಅದು ತಾಗಿದ ಜನ ಮಾಯ. ಅವರ ಬಟ್ಟೆ, ಬ್ಯಾಗು, ಫೋನು ಅಲ್ಲಲ್ಲೇ ಬಿದ್ದಿರುತ್ತೆ. ಉಳಿಯೋನು ಅಕಿತೊ ಅನ್ನೋ ಯುವಕ ಒಬ್ಬ. ಅವನೂ ಅಪಘಾತವಾಗಿ ಸಾಯೋ ಸ್ಥಿತಿಯಲ್ಲಿದ್ದವನು. ಕೆಕೆ ಅನ್ನೋ ಸತ್ತ ಪತ್ತೇದಾರನ ಆತ್ಮ ಮೈಯೊಳಗೆ ಸೇರಿಕೊಂಡಿದ್ದರಿಂದ ಬದುಕಿಕೊಳ್ತಾನೆ. ನಮ್ಮ ಕಡೆ ‘ಮೈಮೇಲೆ ಬಂದಿದೆ’ ಅಂತೀವಲ್ಲ, ಅದೇ. ವ್ಯತ್ಯಾಸ ಏನಂದ್ರೆ ಇಲ್ಲಿ ಮೈಮೇಲೆ ಬಂದೋನು, ಮೈ ಕೊಟ್ಟೋನು ಇಬ್ಬರೂ ಆಟ ಮುಗಿಯೋವರೆಗೂ ಜಗಳ ಆಡ್ತಾನೇ ಇರ್ತಾರೆ. (ಕರಾವಳಿಯವರು ಬೈಯೋ ಮುಂಚೆ ಹೇಳಿಬಿಡ್ತೀನಿ: ದೈವಾರಾಧನೆ ಬೇರೆ, ಇದು ಬೇರೆ. ಅಲ್ಲಿ ನಡೆಯೋದು ಪೂಜೆ, ಇಲ್ಲಿರೋದು ಕತೆ.) ಅಕಿತೊ ತಂಗಿ ಮಾರಿ ಆಸ್ಪತ್ರೆಯಲ್ಲಿರ್ತಾಳೆ. ಹನ್ಯಾ ಮುಖವಾಡದ ಒಬ್ಬ ಅವಳನ್ನ ಎತ್ಕೊಂಡು ಹೋಗ್ತಾನೆ. ಕತೆ ಇಷ್ಟೇ, ಮುಂದಿನದು ನೀವೇ ಆಡಿ ತಿಳ್ಕೊಳ್ಳಿ.

ನಾನು ಹೇಳಬೇಕು ಅಂದ್ಕೊಂಡಿರೋದು ಕತೆ ಬಗ್ಗೆ ಅಲ್ಲ, ದೆವ್ವಗಳ ಬಗ್ಗೆ. ಈ ಗೇಮಿನ ದೆವ್ವಗಳು ಸ್ಮಶಾನದಿಂದ ಬಂದವಲ್ಲ, ಆಫೀಸಿಂದ ಬಂದವು.

ಮೊದಲು ಎದುರಾಗೋ ಶತ್ರುವನ್ನೇ ನೋಡಿ. ಕಪ್ಪು ಸೂಟು, ಟೈ, ಕೈಯಲ್ಲಿ ಕೊಡೆ, ತೆಳ್ಳಗೆ ಉದ್ದಕ್ಕೆ ಇರೋ ಆಕಾರ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ. ಮಳೆಯಲ್ಲಿ ಸಾಲಾಗಿ ನಡ್ಕೊಂಡು ಬರ್ತಾರೆ, ಥೇಟ್ ಬೆಳಗ್ಗೆ ಒಂಬತ್ತು ಗಂಟೆಗೆ ಶೋಲಿಂಗನಲ್ಲೂರು ಜಂಕ್ಷನ್ ದಾಟೋ ನಮ್ಮ ಹಾಗೆ, ಕೊರಳಲ್ಲಿ ಐಡಿ ಕಾರ್ಡ್ ಒಂದು ಇಲ್ಲ ಅಷ್ಟೆ. ಇವರಿಗೆ ‘ರೇನ್ ವಾಕರ್’ ಅಂತ ಹೆಸರು. ಕೆಲಸದಲ್ಲಿ ಸವೆದುಹೋದವರ ಮನಸ್ಸಿಂದ ಹುಟ್ಟಿದವರು ಅಂತ ಗೇಮೇ ಹೇಳುತ್ತೆ. ಶಾಲೆ ಯೂನಿಫಾರ್ಮ್ ಹಾಕ್ಕೊಂಡು ತಲೆಯೇ ಇಲ್ಲದೆ ಕುಣೀತಾ ಬರೋ ಮಕ್ಕಳೂ ಇದ್ದಾರೆ. ಮುಂದೆ ಏನಾಗುತ್ತೋ ಅನ್ನೋ ಹರೆಯದವರ ದಿಗಿಲೇ ಅವರ ಹುಟ್ಟು.

ಮುಖ ಇಲ್ಲದ ದೆವ್ವ ಜಪಾನಿಗೆ ಹೊಸದೇನಲ್ಲ. ‘ನೊಪ್ಪೆರಬೋ’ ಅಂತ ಅದಕ್ಕೆ ಹಳೇ ಹೆಸರಿದೆ. ಲಾಫ್ಕಾಡಿಯೊ ಹರ್ನ್ 1904ರಲ್ಲಿ ಇಂಗ್ಲಿಷಿನಲ್ಲಿ ತಂದ ‘ಕ್ವೈದಾನ್’ ಪುಸ್ತಕದಲ್ಲಿ ಅಂಥದ್ದೊಂದು ಕತೆ ಇದೆ. ಅದಕ್ಕೂ ಮುಂಚೆ, 1776ರಲ್ಲಿ, ತೊರಿಯಾಮ ಸೆಕಿಯೆನ್ ಅನ್ನೋ ಕಲಾವಿದ ಇಂಥ ಭೂತಪ್ರೇತಗಳ ಚಿತ್ರಕೋಶವನ್ನೇ ಮಾಡಿಟ್ಟ. ಗೇಮ್ ಮಾಡಿದವರು ಹಳೇ ಮುಖಹೀನನಿಗೆ ಸೂಟು ತೊಡಿಸಿ ಕೈಗೆ ಕೊಡೆ ಕೊಟ್ಟರು, ಅಷ್ಟೆ. ಆದರೆ ಆ ಬಟ್ಟೆ ಸುಮ್ಮನೆ ಆರಿಸಿದ್ದಲ್ಲ. ಕೆಲಸ ಮಾಡಿ ಮಾಡಿ ಸಾಯೋದಕ್ಕೆ ‘ಕರೋಶಿ’ ಅಂತ ಪ್ರತ್ಯೇಕ ಪದವೇ ಇರೋ ದೇಶ ಅದು. ಅದನ್ನ ತಡೆಯೋಕೆ 2014ರಲ್ಲಿ ಒಂದು ಕಾನೂನನ್ನೇ ಮಾಡಬೇಕಾಯ್ತು. ಅಂಥ ಊರಿನ ರಸ್ತೆಯಲ್ಲಿ ದೆವ್ವ ಬಂದ್ರೆ ಬಿಳಿ ಸೀರೆ ಉಟ್ಕೊಂಡು ಯಾಕೆ ಬರುತ್ತೆ ಹೇಳಿ?

ಚೆನ್ನೈ ದೆವ್ವ ಅಂದ್ರೆ ತಕ್ಷಣ ಎಲ್ಲರೂ ಆಳ್ವಾರ್‌ಪೇಟೆಯ ಡಿ ಮಾಂಟೆ ಕಾಲೊನಿ ಹೆಸರು ಹೇಳ್ತಾರೆ. 2015ರಲ್ಲಿ ಸಿನಿಮಾನೂ ಬಂತು. ಅಲ್ಲಿರೋದು ವಸಾಹತು ಕಾಲದ ಪೋರ್ಚುಗೀಸ್ ವ್ಯಾಪಾರಿ, ಹಳೇ ಬಂಗಲೆ. ಓಎಂಆರ್‌ನಲ್ಲಿ ಹುಟ್ಟಬಹುದಾದ ದೆವ್ವ ಯಾವುದು ಅಂತ ಯಾರೂ ಇನ್ನೂ ಕೇಳಿಲ್ಲ. ಕಟ್ತಿರೋ ಪ್ರತಿ ಅಪಾರ್ಟ್‌ಮೆಂಟಿಗೂ ದೃಷ್ಟಿಗೊಂಬೆ ಮಾತ್ರ ಕಟ್ಟಿರ್ತಾರೆ.

ಇನ್ನೊಂದು ದೆವ್ವಕ್ಕೆ ಬರೋಣ, ನನಗೆ ತುಂಬಾ ಇಷ್ಟ ಆಗಿದ್ದು. ಹೆಸರು ‘ಕುಚಿಸಾಕೆ’, ಬಾಯಿ ಸೀಳಿದವಳು. ಗೇಮಲ್ಲಿ ದೊಡ್ಡ ಕತ್ತರಿ ಹಿಡ್ಕೊಂಡು ಓಡಿಸ್ಕೊಂಡು ಬರ್ತಾಳೆ. ಇವಳು ಪುರಾಣದವಳಲ್ಲ, ಗಾಳಿಸುದ್ದಿಯವಳು. 1979ರಲ್ಲಿ ಜಪಾನಿನ ಮಕ್ಕಳ ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿ ಹೀಗಿತ್ತು: ಮಾಸ್ಕ್ ಹಾಕಿದ ಹೆಂಗಸೊಬ್ಬಳು ದಾರಿಯಲ್ಲಿ ನಿಲ್ಲಿಸಿ ‘ನಾನು ಚೆಂದ ಇದೀನಾ?’ ಅಂತ ಕೇಳ್ತಾಳೆ. ಹೌದು ಅಂದ್ರೆ ಮಾಸ್ಕ್ ತೆಗೀತಾಳೆ, ಕಿವಿವರೆಗೂ ಸೀಳಿದ ಬಾಯಿ. ಮತ್ತೆ ಅದೇ ಪ್ರಶ್ನೆ. ಹೌದು ಅಂದರೂ ಕಷ್ಟ, ಇಲ್ಲ ಅಂದರೂ ಕಷ್ಟ. ತಪ್ಪಿಸ್ಕೊಳ್ಳೋ ಉಪಾಯ ಏನು ಗೊತ್ತಾ? ‘ಪರವಾಗಿಲ್ಲ, ಸುಮಾರಾಗಿದೀಯ’ ಅನ್ನಬೇಕು. ಅವಳಿಗೆ ಗೊಂದಲ ಆಗುತ್ತೆ, ಅಷ್ಟರಲ್ಲಿ ಓಡಬೇಕು. ಭಯ ಎಷ್ಟಿತ್ತು ಅಂದ್ರೆ ಕೆಲವು ಕಡೆ ಮಕ್ಕಳನ್ನ ಗುಂಪು ಗುಂಪಾಗಿ ಮನೆಗೆ ಕಳಿಸ್ತಿದ್ರು.

ಇದನ್ನ ಓದ್ತಾ ನಿಮಗೂ ಏನೋ ನೆನಪಾಗಿರಬೇಕು. ತೊಂಬತ್ತರ ದಶಕದ ಬೆಂಗಳೂರು, ಮನೆ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಲ್ಲೋ ಬರೆದ ‘ನಾಳೆ ಬಾ’. ದೆವ್ವ ರಾತ್ರಿ ಬಂದು ಮನೆಯವರ ದನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು. ‘ನಾಳೆ ಬಾ’ ಅಂತ ಬರೆದಿದ್ರೆ ಓದ್ಕೊಂಡು ವಾಪಸ್ ಹೋಗುತ್ತೆ. ಮಾರನೇ ದಿನ ಬಂದ್ರೆ ಮತ್ತೆ ಅದೇ ‘ನಾಳೆ ಬಾ’. ಎಂಥಾ ವಿಧೇಯ ದೆವ್ವ, ಕನ್ನಡ ಓದೋಕೆ ಬೇರೆ ಬರುತ್ತೆ! ನಮ್ಮ ಈ ದೆವ್ವವೇ ಹಿಂದಿಯ ‘ಸ್ತ್ರೀ’ (2018) ಸಿನಿಮಾಕ್ಕೂ ಹೋಯ್ತು.

ಎರಡೂ ಕಡೆ ದೆವ್ವವನ್ನ ಗೆಲ್ಲೋದು ಬಲದಿಂದ ಅಲ್ಲ, ಮಾತಿಂದ. ಎರಡೂ ಕತೆಯಲ್ಲಿ ಸಿಕ್ಕಿಬೀಳೋದು ಅಪರಿಚಿತರಿಗೆ ಹೇಗೆ ಉತ್ತರ ಕೊಡಬೇಕು ಅಂತ ಗೊತ್ತಿಲ್ಲದವರು. ಊರು ದೊಡ್ಡದಾಗ್ತಾ, ಪಕ್ಕದ ಮನೆಯವರ ಹೆಸರೂ ತಿಳಿಯದ ಹಾಗಾದಾಗ ಇಂಥ ಸುದ್ದಿ ಹುಟ್ಟುತ್ತೆ ಅನ್ನೋದು ನನ್ನ ಅಂದಾಜು.

ಜಪಾನಿನ ಯೋಕೈಗಳಿಗೆಲ್ಲಾ (ದೆವ್ವ, ಭೂತ, ಮಾಯೆ ಎಲ್ಲ ಸೇರಿಸಿ ಅವರು ಕರೆಯೋದು ಹಾಗೆ) ಇಂಥದ್ದೊಂದು ನಿಯಮ ಇರುತ್ತೆ. ಗೇಮ್ ಮಾಡೋರಿಗೆ ಅದು ಹಬ್ಬ, ಯಾಕಂದ್ರೆ ಗೇಮ್ ಅಂದ್ರೇನೇ ನಿಯಮ. ಕಪ್ಪಾ ಅನ್ನೋ ನೀರಿನ ಜೀವಕ್ಕೆ ಸೌತೆಕಾಯಿ ಅಂದ್ರೆ ಪ್ರಾಣ. ಗೇಮಲ್ಲೂ ಸೌತೆಕಾಯಿ ಇಟ್ಟು ಅದು ತಿನ್ನೋಕೆ ಬರೋವರೆಗೂ ಕಾಯಬೇಕು, ಆಮೇಲೆ ಹಿಂದಿನಿಂದ ಹೋಗಿ ಹಿಡೀಬೇಕು. ನೂರು ವರ್ಷ ಬಾಳಿದ ವಸ್ತುಗಳಿಗೆ ಜೀವ ಬರುತ್ತೆ ಅನ್ನೋ ನಂಬಿಕೆ ಇದೆ, ಹಾಗಾಗಿ ಒಂಟಿಕಾಲಿನ ಹಳೇ ಕೊಡೆಯೊಂದು ಗೇಮಲ್ಲಿ ಓಡಾಡ್ತಿರುತ್ತೆ. ಆಯುಧಪೂಜೆ ದಿನ ಮಾನಿಟರಿಗೆ ಕುಂಕುಮ ಇಟ್ಟು, ಆಫೀಸ್ ಗೇಟಲ್ಲಿ ಬೂದುಗುಂಬಳ ಒಡೆಯೋ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅಕಿತೊ ಬಂದೂಕು ಹಿಡಿಯಲ್ಲ. ಬೆರಳುಗಳನ್ನ ಮಡಚಿ, ಹೆಣೆದು, ಮುದ್ರೆ ಮಾಡಿ ಗಾಳಿ, ನೀರು, ಬೆಂಕಿಯನ್ನ ಬಿಡ್ತಾನೆ. ಇದರ ಮೂಲ ‘ಕುಜಿಕಿರಿ’ ಅನ್ನೋ ಜಪಾನಿ ಪದ್ಧತಿ. ಬೌದ್ಧರ ಮುದ್ರೆಗಳು ಭಾರತದಿಂದ ಚೀನಾ ದಾಟಿ ಜಪಾನಿಗೆ ಹೋದದ್ದು. ಅಲ್ಲಿನ ಶಿಂಗೊನ್ ಪಂಥದ ದೇವಸ್ಥಾನಗಳಲ್ಲಿ ಇವತ್ತಿಗೂ ‘ಗೋಮ’ ಮಾಡ್ತಾರೆ. ನಮ್ಮ ಹೋಮವೇ ಅದು. ಖಳನಾಯಕ ಹಾಕ್ಕೊಂಡಿರೋ ‘ಹನ್ಯಾ’ ಮುಖವಾಡದ ಹೆಸರು ಕೂಡ ಸಂಸ್ಕೃತದ ‘ಪ್ರಜ್ಞಾ’ ಅಲ್ಲಿಗೆ ಹೋಗಿ ಆದ ರೂಪ. ಜ್ಞಾನ ಅನ್ನೋ ಅರ್ಥದ ಪದ ಹೊಟ್ಟೆಕಿಚ್ಚಿಂದ ರಾಕ್ಷಸಿಯಾದ ಹೆಣ್ಣಿನ ಮುಖವಾಡಕ್ಕೆ ಅಂಟಿಕೊಂಡಿದ್ದು ನೋಡಿ.

ಮಾಯವಾದವರ ಆತ್ಮಗಳು ಗಾಳಿಯಲ್ಲಿ ತೇಲ್ತಿರುತ್ತವೆ. ಕಾಗದದ ಬೊಂಬೆಗೆ ಅವುಗಳನ್ನ ತುಂಬಿಸ್ಕೊಂಡು ರಸ್ತೆ ಬದಿಯ ಫೋನ್ ಬೂತಿಂದ ಊರಾಚೆಗೆ ಕಳಿಸಬೇಕು. ಹಳದಿ ಬೋರ್ಡಿನ ಎಸ್‌ಟಿಡಿ ಬೂತಲ್ಲಿ ಮೀಟರ್ ನೋಡ್ತಾ ಊರಿಗೆ ಮಾತಾಡಿದವರಿಗೆ ಇದು ತಟ್ಟುತ್ತೆ. ಕೊರತೆನೂ ಇಲ್ಲೇ ಇದೆ. ಒಟ್ಟು 2,40,000ಕ್ಕೂ ಹೆಚ್ಚು ಆತ್ಮಗಳು! ಹತ್ತು ಗಂಟೆ ಆಡಿದ ಮೇಲೆ ಟಿಕೆಟ್ ಕ್ಲೋಸ್ ಮಾಡ್ತಿರೋ ಹಾಗೇ ಅನ್ಸುತ್ತೆ. ಎಲ್ಲವನ್ನೂ ಸೇರಿಸೋ ಹಟ ಬೇಡ. ತೋರಿ ಕಮಾನುಗಳನ್ನ ಶುದ್ಧ ಮಾಡಿದ್ರೆ ಮಂಜು ಕರಗಿ ದಾರಿ ತೆರೆಯುತ್ತೆ, ಮುಖ್ಯ ಕತೆಗೆ ಅಷ್ಟು ಸಾಕು. ಉಳಿದ ಟೈಮಲ್ಲಿ ಗಲ್ಲಿಗಳಲ್ಲಿ ಸುಮ್ಮನೆ ಓಡಾಡಿ, ನಾಯಿಗಳ ತಲೆ ಸವರಿ, ಅವುಗಳ ಮನಸ್ಸಲ್ಲಿ ಏನಿದೆ ಅಂತ ಓದಬಹುದು.

ಇದನ್ನ ಮಾಡಿದವರ ಕತೆನೂ ನಮ್ಮವರು ಕೇಳಬೇಕಾದ್ದೇ. ಟ್ಯಾಂಗೋ ಗೇಮ್‌ವರ್ಕ್ಸ್ ಅನ್ನೋ ಟೋಕಿಯೊ ಸ್ಟುಡಿಯೊವನ್ನ ಶಿಂಜಿ ಮಿಕಾಮಿ 2010ರಲ್ಲಿ ಶುರುಮಾಡಿದ್ರು. 2019ರಲ್ಲಿ ಈ ಗೇಮನ್ನ ವೇದಿಕೆ ಮೇಲೆ ಪರಿಚಯಿಸಿದ ಇಕುಮಿ ನಕಾಮುರ ಅದೇ ವರ್ಷ ಕೆಲಸ ಬಿಟ್ಟರು. ಕೆಂಜಿ ಕಿಮುರ ನಿರ್ದೇಶನದಲ್ಲಿ ಗೇಮ್ ಮಾರ್ಚ್ 2022ರಲ್ಲಿ ಬಂತು. ಅಷ್ಟರಲ್ಲಿ ಮೇಲಿನ ಕಂಪನಿ ಮೈಕ್ರೋಸಾಫ್ಟ್ ಪಾಲಾಗಿತ್ತು. 2023ರಲ್ಲಿ ಇದೇ ಸ್ಟುಡಿಯೊದ ‘ಹೈ-ಫೈ ರಶ್’ ಗೇಮಿಗೆ ಪ್ರಶಸ್ತಿಗಳು ಬಂದವು. ಆದರೂ ಮೇ 2024ರಲ್ಲಿ ಸ್ಟುಡಿಯೊ ಮುಚ್ತೀವಿ ಅಂತ ಮೈಕ್ರೋಸಾಫ್ಟ್ ಹೇಳ್ತು. ಪ್ರಾಜೆಕ್ಟ್ ಚೆನ್ನಾಗಿ ಮುಗಿಸಿದ ಟೀಮನ್ನೇ ಬೆಂಚಿಗೆ ಹಾಕಿದ್ದನ್ನ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇರಲ್ಲ. ಸೂಟು ತೊಟ್ಟ ಮುಖಹೀನರನ್ನ ಕಲ್ಪಿಸಿದವರಿಗೇ ಇಮೇಲ್ ಬಂತು. ಆಗಸ್ಟಲ್ಲಿ ಕ್ರಾಫ್ಟನ್, ಅದೇ ನಮ್ಮ ಹುಡುಗರು ಆಡೋ ಬಿಜಿಎಂಐ ಕಂಪನಿ, ಸ್ಟುಡಿಯೊವನ್ನ ‘ಹೈ-ಫೈ ರಶ್’ ಹಕ್ಕಿನ ಸಮೇತ ತಗೊಳ್ತು. ‘ಘೋಸ್ಟ್‌ವೈರ್’ ಹಕ್ಕು ಮಾತ್ರ ಹಳೇ ಯಜಮಾನರ ಹತ್ರವೇ ಉಳೀತು.

ಪಿಸಿ, ಪಿಎಸ್‌5, ಎಕ್ಸ್‌ಬಾಕ್ಸ್ ಸೀರೀಸ್ ಮೂರರಲ್ಲೂ ಸಿಗುತ್ತೆ. ದನಿ ಜಪಾನಿ ಇರಲಿ, ಅಕ್ಷರ ಇಂಗ್ಲಿಷ್ ಇಟ್ಕೊಳ್ಳಿ. ಜನರೆಲ್ಲಾ ಮಾಯವಾದ ಮೇಲೆ ಅಂಗಡಿ ನಡೆಸೋರು ಎರಡು ಬಾಲದ ಬೆಕ್ಕುಗಳು. ಸೌತೆಕಾಯಿಯನ್ನೂ ಅವುಗಳ ಹತ್ರವೇ ಕೊಳ್ಳಬೇಕು, ಚೌಕಾಸಿ ನಡೆಯಲ್ಲ.